ತಾಯಿಯವರ ಇನ್ಹೇಲರ್‌ಗೆ ಜೋಡಿಸಿದ ಸ್ಪೇಸರ್: ಒಂದು ವಿಮರ್ಶೆ

ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳಿನ ನಡುವೆ ಬದುಕುವ ಬಳ್ಳಾರಿ, ಸಂಡೂರು ಕಡೆಯ ಆಸ್ತಮಾ ರೋಗಿಗಳಿಗೆ ಔಷಧದಷ್ಟೇ ಅದನ್ನು ಶ್ವಾಸಕೋಶಕ್ಕೆ ತಲುಪಿಸುವ ವಿಧಾನವೂ ಮುಖ್ಯ. ಇನ್ಹೇಲರ್ ಒತ್ತುವುದು ಹಾಗೂ ಉಸಿರೆಳೆಯುವುದು ಒಂದೇ ಕ್ಷಣಕ್ಕೆ ಹೊಂದದಿದ್ದರೆ ಔಷಧದ ಹೆಚ್ಚಿನ ಪಾಲು ಗಂಟಲಿನಲ್ಲೇ ಉಳಿಯುತ್ತದೆ. ವಯಸ್ಸಾದ ನಮ್ಮ ತಾಯಿಯವರಿಗೆ ಆಗುತ್ತಿದ್ದುದೂ ಅದೇ. ಸ್ಪೇಸರ್ ಎಂಬ ಈ ಪಾರದರ್ಶಕ ಕೊಳವೆಯಲ್ಲಿ ಔಷಧ ತುಸು ಹೊತ್ತು ನಿಲ್ಲುವುದರಿಂದ, ಇನ್ಹೇಲರನ್ನು ಅಲುಗಾಡಿಸಿ, ಒಮ್ಮೆ ಒತ್ತಿ, ತಡಮಾಡದೆ ನಿಧಾನವಾಗಿ ಉಸಿರೆಳೆದು ಸುಮಾರು 10 ಸೆಕೆಂಡು ಹಿಡಿದುಕೊಂಡರೆ ಸಾಕು. ಎರಡನೆಯ ಪಫ್ ಬೇಕಾದರೆ ಮತ್ತೆ ಅಲುಗಾಡಿಸಿ ಪ್ರತ್ಯೇಕವಾಗಿಯೇ ತೆಗೆದುಕೊಳ್ಳಬೇಕು. ಅವರ ಗಂಟಲ ಕಿರಿಕಿರಿ ಈಗ ಬಹಳ ಕಡಿಮೆಯಾಗಿದೆ; ಸ್ಟೀರಾಯ್ಡ್ ಇನ್ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸುವುದನ್ನು ಮಾತ್ರ ಬಿಟ್ಟಿಲ್ಲ.

ಕೊಳವೆಯನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಬೇಕು. ಒರೆಸಿದರೆ ಸ್ಥಿರ ವಿದ್ಯುತ್ ಉಂಟಾಗಿ ಔಷಧ ಒಳಗೋಡೆಗೇ ಅಂಟಿಕೊಳ್ಳುತ್ತದೆ. ಇಷ್ಟು ಮುಖ್ಯವಾದ ವಿಷಯವನ್ನು ಮಾರಿದ ಅಂಗಡಿಯವರು ಹೇಳಲಿಲ್ಲ, ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತರಿಸಿದೆ. ಗಾತ್ರ ದೊಡ್ಡದಾದ್ದರಿಂದ ಪ್ರಯಾಣಕ್ಕೂ ಅಷ್ಟು ಅನುಕೂಲವಲ್ಲ.

ಪುಡಿ ಔಷಧದ ಕ್ಯಾಪ್ಸೂಲ್ ಹಾಕುವ ಸಾಧನಗಳಿಗೆ ಇದು ಹೊಂದುವುದಿಲ್ಲ. ಪ್ರತಿದಿನದ ನಿಯಂತ್ರಕ ಔಷಧವನ್ನು ಬಿಟ್ಟು, ತಕ್ಷಣ ಉಪಶಮನ ಕೊಡುವ ಇನ್ಹೇಲರನ್ನೇ ಪದೇ ಪದೇ ಬಳಸಬೇಕಾಗುತ್ತಿದ್ದರೆ ಸ್ಪೇಸರ್ ಕೊಳ್ಳುವ ಮೊದಲು ವೈದ್ಯರನ್ನು ಕಾಣಿರಿ.