ಮಾಂಡವಿಯ ಪಿಎಲ್‌ಒ ಟೇಬಲ್: ಮೊದಲ ಸೀಟಿನಿಂದ ‘ಪಾಟ್’ ಅನ್ನುವ ಮುಂಚೆ

ಪಣಜಿಯಲ್ಲಿ ಮಾಂಡವಿ ನದಿ ಮೇಲೆ ಲಂಗರು ಹಾಕಿ ನಿಂತಿರುವ ಕ್ಯಾಸಿನೊ ಹಡಗುಗಳಲ್ಲಿ ಒಂದರ ಪಾಟ್ ಲಿಮಿಟ್ ಒಮಾಹಾ (ಪಿಎಲ್‌ಒ) ಟೇಬಲ್ ಬಗ್ಗೆ ಈ ಬರಹ. ಕೈಗೆ ನಾಲ್ಕು ಎಲೆ ಬರುವ ಪೋಕರ್ ಇದು. ಅದರಲ್ಲಿ ಎರಡನ್ನು ಬೋರ್ಡಿನ, ಅಂದರೆ ಟೇಬಲ್ ನಡುವೆ ಎಲ್ಲರಿಗೂ ಬಿಡಿಸುವ ಐದು ಎಲೆಗಳ, ಮೂರರ ಜೊತೆ ಸೇರಿಸಬೇಕು. ಒಂದು ಸಲಕ್ಕೆ ಹೆಚ್ಚೆಂದರೆ ‘ಪಾಟ್’ನಷ್ಟು, ಅಂದರೆ ಮಧ್ಯದಲ್ಲಿ ಸೇರಿದ ಹಣದಷ್ಟು, ಏರಿಸಬಹುದು. ದೂರುಗಳೂ ಇರುವುದರಿಂದ ಹೆಸರು ಬೇಡ. ಚೋರ್ಲಾ ಘಾಟಿ ಇಳಿದು ಬರುವ ಬೆಳಗಾವಿ, ಹುಬ್ಬಳ್ಳಿಯವರು ಮತ್ತು ಕಾರವಾರದ ಕಡೆಯವರು ಶನಿವಾರ ರಾತ್ರಿ ಇಲ್ಲಿ ಕೂರುತ್ತಾರೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ಹಣದ ಪೋಕರ್ ಆ್ಯಪ್‌ಗಳು ಮುಚ್ಚಿದ ಮೇಲೆ, ನಾಲ್ಕೆಲೆಯ ಆಟದ ರುಚಿ ಹತ್ತಿದವರಿಗೆ ಇಂಥ ಟೇಬಲ್ಲೇ ಗತಿ.

ಎಂಟು ಸೀಟು, ಬ್ಲೈಂಡ್ (ಎಲೆ ನೋಡುವ ಮುಂಚೆ ಇಬ್ಬರು ಕಡ್ಡಾಯವಾಗಿ ಇಡುವ ಹಣ) 100-200, ಬೈ-ಇನ್ (ಕೂರಲು ತರುವ ಹಣ) 20,000. ಡೀಲರ್‌ಗಳು ಬಹಳ ಚೆನ್ನಾಗಿದ್ದಾರೆ. ಯಾರಾದರೂ ‘ಪಾಟ್’ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೊತ್ತ ಹೇಳುತ್ತಾರೆ. ಆದರೂ ಲೆಕ್ಕ ನಿಮಗೂ ಬರಬೇಕು. ಮೊದಲ ಸೀಟಿನವರು, ಅಂದರೆ ಬ್ಲೈಂಡ್‌ಗಳ ನಂತರ ಮೊದಲು ಮಾತಾಡುವವರು, ಮೊದಲು 200 ಕಾಲ್ ಮಾಡಿದಂತೆ (ಅಷ್ಟೇ ಹಣ ಹಾಕಿದಂತೆ) ಎಣಿಸಿ. ಆಗ ಪಾಟಿನಲ್ಲಿ 100, 200, 200 ಸೇರಿ 500. ಅದನ್ನು 200ರ ಮೇಲೆ ಹಾಕಿದರೆ ಗರಿಷ್ಠ ರೇಜ್ (ಏರಿಕೆ) 700. ಕೆಲವು ರೂಮುಗಳಲ್ಲಿ ಸಣ್ಣ ಬ್ಲೈಂಡನ್ನೂ 200 ಅಂತಲೇ ಎಣಿಸಿ 800 ಅನ್ನುವ ರೂಢಿ ಇದೆ. ಕೂತ ತಕ್ಷಣ ಕೇಳಿಕೊಳ್ಳಿ.

ನಿಜವಾದ ತೊಂದರೆ ಸ್ಟ್ರ್ಯಾಡಲ್, ಅಂದರೆ ಎಲೆ ನೋಡುವ ಮುಂಚೆಯೇ ಇಷ್ಟಪಟ್ಟು ಇಡುವ ಮೂರನೇ ಬ್ಲೈಂಡ್. ಇಲ್ಲಿ ಸುತ್ತಿಗೆ ಎರಡು ಮೂರು ಸಲವಾದರೂ ಯಾರೋ 400 ಇಟ್ಟೇ ಇಡುತ್ತಾರೆ. ಆಗ ಮೊದಲು ಮಾತಾಡುವವರ ಪಾಟ್ ರೇಜ್ 1,500 ಆಗುತ್ತದೆ. ಸ್ಟ್ರ್ಯಾಡಲ್ ಇಲ್ಲದ ಕೈಯಲ್ಲಿ 700ಕ್ಕೆ ನಾಲ್ವರು ಸೇರಿ ಎರಡೂ ಬ್ಲೈಂಡಿನವರು ಮಡಚಿದರೆ (ಎಲೆ ಬಿಟ್ಟರೆ) ಪಾಟ್ 3,100, ಕೈಯಲ್ಲಿ ಉಳಿದದ್ದು 19,300. ಅಂದರೆ ಆರು ಪಟ್ಟು. ಸ್ಟ್ರ್ಯಾಡಲ್ ಇಟ್ಟವರೂ ಸೇರಿ ನಾಲ್ವರು 1,500 ಹಾಕಿದರೆ ಪಾಟ್ 6,300, ಉಳಿದದ್ದು 18,500, ಮೂರು ಪಟ್ಟೂ ಇಲ್ಲ. ಫ್ಲಾಪಿನಲ್ಲಿ (ಬೋರ್ಡಿನ ಮೊದಲ ಮೂರು ಎಲೆ) ಒಂದು ಪಾಟ್ ಬೆಟ್ಟು, ಟರ್ನಿನಲ್ಲಿ (ನಾಲ್ಕನೇ ಎಲೆ) ಇನ್ನೊಂದು, ಅಷ್ಟರಲ್ಲಿ ಎಲ್ಲಾ ಒಳಗೆ. ಅದೇ ನಾಲ್ಕು ಎಲೆಯ ಬೆಲೆ ಈ ಎರಡು ಕೈಗಳಲ್ಲಿ ಒಂದೇ ಅಲ್ಲ.

ಹಾಗಾದರೆ ಮೊದಲ ಸೀಟಿನಿಂದ ಯಾವುದಕ್ಕೆ ರೇಜ್? ನಿಮ್ಮ ಹಿಂದೆ ಏಳು ಜನ ಇದ್ದಾರೆ. ಎರಡು ಎಕ್ಕ ಬರುವುದು ಸುಮಾರು ನಲವತ್ತು ಕೈಗೆ ಒಂದು ಸಲ, ಆದರೆ ಆ ಏಳರಲ್ಲಿ ಒಬ್ಬರ ಕೈಯಲ್ಲಾದರೂ ಅದು ಇರುವ ಸಾಧ್ಯತೆ ಹತ್ತಿರ ಹತ್ತಿರ ಆರಕ್ಕೆ ಒಂದು. ಜೊತೆಗೆ ಫ್ಲಾಪ್ ಬಿದ್ದ ಮೇಲೂ ಹೆಚ್ಚಿನ ಕೈಗಳಲ್ಲಿ ಮೊದಲು ಮಾತಾಡಬೇಕಾದವರು ನೀವೇ. ಹಾಗಾಗಿ ನಾಲ್ಕೂ ಎಲೆ ಒಂದಕ್ಕೊಂದು ಕೈಜೋಡಿಸಬೇಕು. ಇಸ್ಪೀಟಿನ ಎಕ್ಕ-ರಾಜ ಜೊತೆಗೆ ಆಟೀನಿನ ರಾಣಿ-ಗುಲಾಮ ಬಂದರೆ ಯೋಚನೆಯೇ ಬೇಡ. ಗುಲಾಮ-ಹತ್ತು-ಒಂಬತ್ತು-ಎಂಟು ಎರಡು ಜಾತಿಯಲ್ಲಿ ಜೋಡಿಯಾಗಿದ್ದರೆ, ಅಂದರೆ ಎರಡು ಎಲೆ ಒಂದು ಜಾತಿ, ಮಿಕ್ಕೆರಡು ಇನ್ನೊಂದು ಜಾತಿ ಆಗಿದ್ದರೆ, ಅದೂ ಸೈ. ಕೆಳಗಿನ ಎಂಟು-ಏಳು-ಆರು-ಐದು ನೋಡಲು ಚೆಂದ, ಆದರೆ ಅದರ ಫ್ಲಶ್ (ಒಂದೇ ಜಾತಿಯ ಐದು ಎಲೆ) ಸಣ್ಣದು, ಅದರ ಸ್ಟ್ರೈಟ್ (ಸಾಲಾದ ಐದು ಎಲೆ) ಮೇಲಿನ ಸ್ಟ್ರೈಟಿಗೆ ಸೋಲುತ್ತದೆ. ಅದನ್ನು ಬಟನ್ (ಫ್ಲಾಪ್ ನಂತರ ಕೊನೆಗೆ ಮಾತಾಡುವ ಸೀಟು) ಹತ್ತಿರದ ಸೀಟಿಗೆ ಇಟ್ಟುಕೊಳ್ಳಿ. ರಾಜನ ಜೋಡಿ, ಪಕ್ಕದಲ್ಲಿ ಏಳು-ಎರಡು, ನಾಲ್ಕೂ ಬೇರೆ ಬೇರೆ ಜಾತಿ ಅಂದರೆ ಮಡಚಿ ಎಸೆಯಿರಿ. ಎಂಟು ಜನರ ಟೇಬಲ್ಲಿನಲ್ಲಿ ಈ ಸೀಟಿನಿಂದ ಎಂಟು ಹತ್ತು ಕೈಗೆ ಒಂದು ರೇಜ್ ಸಾಕು.

ಎರಡು ಜಾತಿಯ ಜೋಡಿಗೆ ಇಷ್ಟು ಒತ್ತು ಏಕೆ ಅಂದರೆ, ಒಂದೇ ಜಾತಿಯ ಎರಡು ಎಲೆ ಇದ್ದರೆ ಫ್ಲಾಪಿನಲ್ಲಿ ಫ್ಲಶ್ ಡ್ರಾ (ಇನ್ನೊಂದು ಎಲೆ ಬಂದರೆ ಫ್ಲಶ್) ಅಥವಾ ಫ್ಲಶ್ಶೇ ಸಿಗುವುದು ಎಂಟಕ್ಕೆ ಒಂದು ಸಲ. ಎರಡು ಜಾತಿ ಆದರೆ ನಾಲ್ಕಕ್ಕೆ ಒಂದು. ಬೋರ್ಡಿನಲ್ಲಿ ನಾಲ್ಕು ಇಸ್ಪೀಟು ಬಿದ್ದು ಕೈಯಲ್ಲಿ ಒಂದೇ ಇಸ್ಪೀಟು ಇದ್ದರೆ ಫ್ಲಶ್ ಇಲ್ಲ, ಕೈಯಿಂದ ಎರಡೇ ಎಲೆ ಹೋಗಬೇಕು. ಎರಡೆಲೆಯ ಪೋಕರ್ ಆದ ಟೆಕ್ಸಾಸ್ ಹೋಲ್ಡಮ್‌ನಿಂದ ಬಂದವರು ಇಲ್ಲಿ ದುಡ್ಡು ಕಳೆಯುವುದನ್ನು ಪ್ರತಿ ವಾರ ನೋಡಬಹುದು.

ಇನ್ನು ಎಕ್ಕದ ಜೋಡಿ. “ಯಣ್ಣಾ, ಎರಡ್ ಎಕ್ಕಾ ಹಿಡ್ಕೊಂಡ್ ಬರೇ ಕಾಲ್ ಮಾಡೀಯಲ್ಲೋ!” ಅನ್ನುವ ಮಾತು ಈ ಟೇಬಲ್ಲಿನಲ್ಲಿ ದಿನಾ ಕೇಳುತ್ತದೆ. ಕಾಲ್ ಮಾಡಿದವರೇ ಸರಿ ಇರಬಹುದು. ಎಕ್ಕದ ಜೋಡಿಗೆ ಫ್ಲಾಪಿನಲ್ಲಿ ಮೂರನೇ ಎಕ್ಕ ಸಿಗುವುದು ಎಂಟಕ್ಕೆ ಒಂದೇ ಸಲ. ಮಿಕ್ಕ ಏಳು ಸಲ ಬರೀ ಜೋಡಿ ಹಿಡಿದು ಮೂರು ಜನರ ಮುಂದೆ ಮೊದಲು ಮಾತಾಡಬೇಕು. ಲೆಕ್ಕ ಹೀಗೆ: ನೀವು 700, ಹಿಂದಿನವರು ಪಾಟ್ ಅಂದರೆ 2,400, ನೀವು ಮತ್ತೆ ಪಾಟ್ ಅಂದರೆ 7,500. 20,000ದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಒಳಗೆ ಹೋಯಿತು. ಅವರೊಬ್ಬರೇ ಕಾಲ್ ಮಾಡಿದರೆ ಪಾಟ್ 15,300, ಉಳಿದದ್ದು 12,500. ಫ್ಲಾಪ್ ಏನೇ ಬೀಳಲಿ, ಮಿಕ್ಕದ್ದನ್ನೂ ತಳ್ಳಬಹುದು. ಇಷ್ಟು ಹಣ ಒಳಗೆ ಹೋಗುವಂತಿದ್ದರೆ ಒಣ ಎಕ್ಕಕ್ಕೂ (ಪಕ್ಕದ ಎರಡು ಎಲೆ ನೆರವಿಗೆ ಬಾರದ ಎಕ್ಕದ ಜೋಡಿ) ರೀ-ರೇಜ್ ಮಾಡಿ. ಆಗದಿದ್ದರೆ ಸುಮ್ಮನೆ ಕಾಲ್ ಮಾಡಿ ಫ್ಲಾಪ್ ನೋಡಿ, ಯಾಕೆಂದರೆ ಅರೆಬರೆ ರೀ-ರೇಜ್ ಮಾಡಿದರೆ ನಿಮ್ಮ ಕೈಯಲ್ಲಿ ಎಕ್ಕ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಅವರ ಕೈಯಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಎಕ್ಕ ಎರಡು ಜಾತಿಯಲ್ಲಿ ಜೋಡಿಯಾಗಿದ್ದರೆ ಮಾತ್ರ ಈ ಅನುಮಾನಗಳಿಲ್ಲ.

ಕೌಂಟರಿನಲ್ಲೇ ಗಮನ ಕೊಡಬೇಕಾದ ವಿಷಯ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದೆ. ಅದು ಚಿಪ್ಸ್ ಕೊಳ್ಳುವಾಗ ಕೊಟ್ಟ ಹಣದ ಮೇಲೆ, ಗೆದ್ದ ಚಿಪ್ಸನ್ನು ಮತ್ತೆ ಆಡಿದರೆ ಇಲ್ಲ. ತೆರಿಗೆ ಒಳಗೇ ಸೇರಿದೆಯಾ, ಮೇಲೆ ಬರುತ್ತದಾ ಅಂತ ಮೊದಲೇ ಕೇಳಿ. ಒಳಗೇ ಸೇರಿದ್ದರೆ 20,000ಕ್ಕೆ ಸಿಗುವುದು ಸುಮಾರು 14,286ರ ಚಿಪ್ಸ್, ಅಂದರೆ ನೂರು ದೊಡ್ಡ ಬ್ಲೈಂಡ್ ಬದಲು ಎಪ್ಪತ್ತೊಂದು. ಇದು ಆಟವನ್ನೇ ಬದಲಿಸುತ್ತದೆ. ಆಗ 7,500ರ ರೀ-ರೇಜ್ ಅರ್ಧಕ್ಕಿಂತ ಜಾಸ್ತಿ, ಒಣ ಎಕ್ಕದ ಬೆಲೆ ಏರುತ್ತದೆ, ರನ್‌ಡೌನ್ (ಸಾಲಾದ ನಾಲ್ಕು ಎಲೆಯ) ಕೈಗಳ ಬೆಲೆ ಇಳಿಯುತ್ತದೆ. ಮತ್ತೆ ಮತ್ತೆ ಟಾಪ್-ಅಪ್ ಮಾಡುವವರು ಪ್ರತಿ ಸಲ ತೆರಿಗೆ ಕಟ್ಟುತ್ತಾರೆ ಅನ್ನುವುದೂ ನೆನಪಿರಲಿ.

ಇಲ್ಲಿಯ ದೊಡ್ಡ ದೂರು ರೇಕ್, ಅಂದರೆ ಕ್ಯಾಸಿನೊ ಪಾಟಿನಿಂದ ತೆಗೆದುಕೊಳ್ಳುವ ಪಾಲಿನ ಬಗ್ಗೆ. ಫ್ಲಾಪ್ ಬಿದ್ದ ಮೇಲಷ್ಟೇ ಕತ್ತರಿಸುತ್ತಾರೆ, ಅದು ಸರಿ. ಆದರೆ ಎಷ್ಟು ಪ್ರತಿಶತ, ಗರಿಷ್ಠ ಎಷ್ಟು ಅಂತ ಎಲ್ಲೂ ಬರೆದು ಹಾಕಿಲ್ಲ, ಕೇಳಿದರೆ ಫ್ಲೋರಿನವರು (ಟೇಬಲ್ ಮೇಲ್ವಿಚಾರಕರು) ಬಾಯಲ್ಲಿ ಹೇಳುತ್ತಾರೆ. ಒಮಾಹಾದಲ್ಲಿ ಫ್ಲಾಪ್ ನೋಡುವವರೇ ಹೆಚ್ಚು, ಹಾಗಾಗಿ ಬಹುತೇಕ ಪ್ರತಿ ಕೈಯಲ್ಲೂ ರೇಕ್ ಹೋಗುತ್ತದೆ. ಗಡಿಯಂಚಿನ ಕೈಗಳಿಗೆ ಮೊದಲ ಸೀಟಿನಿಂದ ರೇಜ್ ಮಾಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಒಂದು ಹಲಗೆ ನೇತುಹಾಕಲು ಎಷ್ಟು ಹೊತ್ತು ಬೇಕು?

ಕೈ ನಡೆಯುವಾಗ ಪಕ್ಕದವರ ಜೊತೆ ಕನ್ನಡದಲ್ಲಿ ಮಾತಾಡಿದರೆ ಡೀಲರ್ ತಡೆಯುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಆ ನಿಯಮ ಎಲ್ಲರ ಹಣ ಕಾಯುತ್ತದೆ. ಎಲೆ ನೋಡುವ ಕ್ರಮವೂ ಮುಖ್ಯ. ನಾಲ್ಕನ್ನೂ ಎತ್ತಿ ಬೀಸಣಿಗೆ ಥರ ಬಿಡಿಸಿದರೆ ಎಡಗಡೆಯವರಿಗೆ ಕಾಣುತ್ತದೆ. ಎಲೆಗಳನ್ನು ಟೇಬಲ್ ಮೇಲೇ ಇಟ್ಟು, ಎಡಗೈ ಮರೆ ಮಾಡಿ, ಬಲಗೈ ಹೆಬ್ಬೆರಳಿನಿಂದ ಮೂಲೆಗಳನ್ನಷ್ಟೇ ಒಂದೊಂದಾಗಿ ಸರಿಸಿ ನೋಡಿ, ಜಾತಿ ನೆನಪಿಟ್ಟುಕೊಂಡು ಮುಚ್ಚಿಬಿಡಿ.

ಊಟ ಪರವಾಗಿಲ್ಲ. 21 ತುಂಬಿದ್ದಕ್ಕೆ ಗುರುತಿನ ಚೀಟಿ ಒಯ್ಯಿರಿ. ಸೀಟು ಬದಲಿಸಲು ಫ್ಲೋರಿನವರನ್ನು ಕೇಳಿದರೆ ಕೊಡುತ್ತಾರೆ, ಪ್ರತಿ ಕೈಗೂ ಪಾಟ್ ಅನ್ನುವವರ ಎಡಕ್ಕೆ ಜಾಗ ಖಾಲಿಯಾದ ಕೂಡಲೇ ಕೇಳಿ. ಅವರ ಬಲಕ್ಕೆ ಕೂತರೆ ಎಷ್ಟೋ ಕೈಗಳಲ್ಲಿ ನೀವು ಹಾಕಿದ 700 ಅವರ 2,400 ನೋಡಿ ಮಡಚಿ ಹೋಗುತ್ತದೆ.