ಓಡೋರಿ ಪಾರ್ಕಿನ ಕಪ್ಪು ಜಾರುಬಂಡೆ: ಆರು ವರ್ಷ ಬಳಸಿದ ಮೇಲೆ

ಜಪಾನಿನ ಸಪ್ಪೊರೋಗೆ ಹೊಸದಾಗಿ ಬರೋ ನಮ್ಮ ಕಡೆಯವರು, ಅದ್ರಲ್ಲೂ ಪುಟ್ಟ ಮಕ್ಕಳಿರೋರು, ಮೊದಲು ಕೇಳೋದೇ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ. ನಾನು ಎಲ್ರಿಗೂ ಹೇಳೋದು ಒಂದೇ ಜಾಗ. ಓಡೋರಿ ಪಾರ್ಕಿನ 8ನೇ ಬ್ಲಾಕಿಗೂ 9ನೇ ಬ್ಲಾಕಿಗೂ ನಡುವೆ ಒಂದು ಕಪ್ಪು ಗ್ರಾನೈಟ್ ಜಾರುಬಂಡೆ ಇದೆ, ಹೆಸರು ಬ್ಲ್ಯಾಕ್ ಸ್ಲೈಡ್ ಮಂತ್ರ, ಮಾಡಿದ್ದು ಇಸಾಮು ನೊಗುಚಿ ಅನ್ನೋ ಶಿಲ್ಪಿ. ಟಿಕೆಟ್ ಇಲ್ಲ, ಸುತ್ತ ಬೇಲಿ ಇಲ್ಲ, ಮುಟ್ಟಬೇಡಿ ಅನ್ನೋರಿಲ್ಲ. ನಮ್ಮ ಮಗಳಿಗೆ ಮೂರು ವರ್ಷ ಇದ್ದಾಗ ಶುರುವಾಗಿದ್ದು, ಈಗ ಅವಳಿಗೆ ಒಂಬತ್ತು, ಹಿಮ ಇಲ್ಲದ ತಿಂಗಳಲ್ಲಿ ವಾರಕ್ಕೆ ಒಂದು ಸಲ ಆದ್ರೂ ಹೋಗ್ತೀವಿ.

ಮೊದಲ ಸಲ ನೋಡಿದಾಗ ಇದು ಆಟದ ಸಾಮಾನು ಅಂತ ನಂಗೆ ಅನ್ನಿಸಲೇ ಇಲ್ಲ, ಯಾವುದೋ ಸ್ಮಾರಕ ಇರ್ಬೇಕು ಅಂದ್ಕೊಂಡೆ. ಹತ್ರ ಹತ್ರ ಎರಡಾಳೆತ್ತರದ ಕಲ್ಲಿನ ಸುರುಳಿ. ಹಿಂದಿನ ಕಡೆ ಕಲ್ಲಿನೊಳಕ್ಕೇ ಮೆಟ್ಟಿಲು ಹೋಗುತ್ತೆ, ಒಳಗೆ ಹತ್ತಿ ಮೇಲೆ ತಲೆ ಹೊರಗೆ ಬರುತ್ತೆ, ಅಲ್ಲಿ ಕೂತ್ರೆ ಕಲ್ಲನ್ನ ಸುತ್ತಿಕೊಂಡು ಕೆಳಗೆ ಜಾರೋದು. ಒಳಗಿನ ಮೆಟ್ಟಿಲಲ್ಲಿ ಬೇಸಿಗೆಯಲ್ಲೂ ತಣ್ಣಗೆ, ದೇವಸ್ಥಾನದ ಗರ್ಭಗುಡಿ ಹತ್ರ ಹೋದ ಹಾಗೆ, ಮಕ್ಕಳು ಅಲ್ಲಿಗೆ ಬಂದ ತಕ್ಷಣ ದನಿ ತಗ್ಗಿಸ್ತಾರೆ, ಯಾಕೆ ಅಂತ ಗೊತ್ತಿಲ್ಲ. ಜಾರೋ ಜಾಗ ಮಾತ್ರ ಎಷ್ಟು ನುಣುಪು ಅಂದ್ರೆ ಮೋಡ ಕಾಣಿಸುತ್ತೆ ಅದ್ರಲ್ಲಿ. ಮಕ್ಕಳು ಜಾರಿ ಜಾರಿನೇ ಈ ಶಿಲ್ಪ ಪೂರ್ತಿಯಾಗ್ಬೇಕು ಅನ್ನೋದು ನೊಗುಚಿ ಅವರ ಆಸೆ ಅಂತೆ. 1992ರಲ್ಲಿ ಇಲ್ಲಿ ನಿಲ್ಲಿಸಿದ್ದು, ಅಂದ್ರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಕ್ಕಳು ಉಜ್ಜಿದ್ದಾರೆ, ಆ ಮಕ್ಕಳಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನ ಕರ್ಕೊಂಡು ಬರೋದನ್ನ ನಾನೇ ನೋಡಿದ್ದೀನಿ.

ನಂಗೆ ಇದು ಇಷ್ಟೊಂದು ಹತ್ರ ಆಗೋಕೆ ಕಾರಣ ನಮ್ಮ ಭಾಷೆ. ನಾವು ಪ್ಲಾಸ್ಟಿಕ್ಕಿನದಕ್ಕೂ ತಗಡಿನದಕ್ಕೂ ಜಾರುಬಂಡೆ ಅಂತಾನೇ ಅಂತೀವಿ, ಆದ್ರೆ ಆ ಹೆಸರಲ್ಲಿ ಬಂಡೆ ಇದೆ ಅನ್ನೋದು ಮರ್ತೇ ಹೋಗಿರುತ್ತೆ. ನಾನು ಬೆಳೆದಿದ್ದು ತುಮಕೂರು ಕಡೆ ಹಳ್ಳಿ, ಊರ ಹಿಂದಿನ ಬಂಡೆ ಮೇಲೆ ಹೊಂಗೆ ಸೊಪ್ಪಿನ ಕೊಂಬೆ ಹಾಕ್ಕೊಂಡು ಕೂತು ಜಾರ್ತಿದ್ವಿ, ಜಾರಿದ ದಾರಿ ಅಷ್ಟಗಲ ಬೆಳ್ಳಗೆ ಹೊಳೀತಿತ್ತು. ಇಲ್ಲಿ ಹೊಳೆಯೋದು ಕಪ್ಪಗೆ, ಅಷ್ಟೇ ವ್ಯತ್ಯಾಸ.

ಇನ್ನು "ಮಂತ್ರ" ಎಲ್ಲಿಂದ ಬಂತು ಅಂದ್ರೆ ಅದೂ ನಮ್ಮ ದೇಶದಿಂದಾನೇ. ನೊಗುಚಿ 1949ರಲ್ಲಿ ಭಾರತಕ್ಕೆ ಬಂದಿದ್ರು, ಆಕಾಶ ನೋಡೋಕೆ ಕಟ್ಟಿದ ಜಂತರ್ ಮಂತರ್‌ನ ಮೆಟ್ಟಿಲು, ಓರೆ ಗೋಡೆ, ಕಮಾನು ಎಲ್ಲ ಅವರ ತಲೇಲಿ ಕೂತುಬಿಡ್ತು. ಅದನ್ನ ಜಾರುಬಂಡೆ ಮಾಡೋ ಯೋಚನೆ ಬಹಳ ವರ್ಷ ಇಟ್ಕೊಂಡಿದ್ದು 1986ರ ವೆನಿಸ್ ಬಿನಾಲೆ ಅನ್ನೋ ಕಲಾ ಪ್ರದರ್ಶನದಲ್ಲಿ ಬಿಳಿ ಅಮೃತಶಿಲೆಯಲ್ಲಿ ಒಂದು ಮಾಡಿ ಇಟ್ರು, ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಬಿಳೀದು ಈಗ ಅಮೆರಿಕದ ಮಯಾಮಿಯಲ್ಲಿದೆ. ಹಿಮ ಬೀಳೋ ಈ ಊರಿಗೆ ಕಪ್ಪು.

ಅವರ ಬದುಕು ಓದಿದ ಮೇಲೆ ನಾನು ಈ ಕಲ್ಲನ್ನ ಬೇರೆ ಥರಾನೇ ನೋಡೋಕೆ ಶುರು ಮಾಡಿದೆ. 1904ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ್ದು, ಅಪ್ಪ ಜಪಾನಿ ಕವಿ, ಅಮ್ಮ ಅಮೆರಿಕದವರು, ಅಪ್ಪ ಜೊತೆಗಿರಲಿಲ್ಲ. ಅಮ್ಮ ಮಗನ್ನ ಜಪಾನಿಗೆ ಕರ್ಕೊಂಡು ಬಂದು ಬೆಳೆಸಿದ್ರು, ಹದಿಮೂರನೇ ವಯಸ್ಸಿಗೆ ಒಬ್ಬನ್ನೇ ಹಡಗು ಹತ್ತಿಸಿ ಅಮೆರಿಕದ ಸ್ಕೂಲಿಗೆ ಕಳಿಸಿದ್ರು. ಆಮೇಲೆ ಪ್ಯಾರಿಸ್‌ಗೆ ಹೋಗಿ ಬ್ರಾಂಕೂಸಿ ಅನ್ನೋ ಶಿಲ್ಪಿ ಹತ್ರ ಕಲ್ಲಿನ ಕೆಲಸ ಕಲಿತ್ರು. 1942ರಲ್ಲಿ ಯುದ್ಧದ ಟೈಮಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಕ್ಯಾಂಪಿಗೆ ತುಂಬಿದಾಗ, ನ್ಯೂಯಾರ್ಕ್‌ನಲ್ಲಿದ್ದ ಇವರು ಹೋಗಬೇಕಾಗೇ ಇರಲಿಲ್ಲ, ತಾವಾಗೇ ಅರಿಜೋನಾದ ಪೋಸ್ಟನ್ ಕ್ಯಾಂಪಿಗೆ ಹೋದ್ರು, ಅಲ್ಲಿರೋ ಜನಕ್ಕೆ ಪಾರ್ಕು ಆಟದ ಜಾಗ ಮಾಡಿಕೊಡೋಣ ಅಂತ. ಮಾಡೋಕೆ ಬಿಡಲಿಲ್ಲ, ವಾಪಸ್ ಬರೋದಕ್ಕೂ ಪರ್ಮಿಷನ್‌ಗೆ ತಿಂಗಳುಗಟ್ಟಲೆ ಕಾಯಬೇಕಾಯ್ತು. ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಬೆಳೆದ ಹುಡುಗ ಮಕ್ಕಳಿಗೆ ಆಡೋಕೆ ನೆಲ ಮಾಡ್ತೀನಿ ಅಂತ ಜೀವಮಾನ ಪೂರ್ತಿ ಹಿಡಿದು ಕೂತಿದ್ದು ನೆನೆಸ್ಕೊಂಡ್ರೆ, ಪರದೇಶದಲ್ಲಿ ಮಗು ಬೆಳೆಸೋ ನನ್ನಂಥ ತಾಯಿಗೆ ಗಂಟಲು ಕಟ್ಟುತ್ತೆ. 1930ರ ದಶಕದಲ್ಲೇ "ಪ್ಲೇ ಮೌಂಟನ್" ಅಂತ ಒಂದು ಆಟದ ಬೆಟ್ಟದ ಮಾಡೆಲ್ ತಗೊಂಡು ನ್ಯೂಯಾರ್ಕ್ ಪಾರ್ಕ್ ಕಮಿಷನರ್ ರಾಬರ್ಟ್ ಮೋಸಸ್ ಹತ್ರ ಹೋದ್ರು, ನಕ್ಕು ಕಳಿಸಿದ್ರು. ಆಮೇಲೆ ವಿಶ್ವಸಂಸ್ಥೆ ಪಕ್ಕದ ಆಟದ ಮೈದಾನ ಆಗಲಿಲ್ಲ. ನಮ್ಮ ಅಹಮದಾಬಾದ್ ಐಐಎಂ ಕಟ್ಟಿದ ಲೂಯಿ ಕಾನ್ ಜೊತೆ ಐದು ವರ್ಷ ಕೂತು ಮಾಡಿದ ಪ್ಲ್ಯಾನೂ ಕಾಗದದಲ್ಲೇ ಉಳೀತು.

ಹೋದ ವರ್ಷ ಜೂನಲ್ಲಿ ಅಪ್ಪ ಊರಿಂದ ಬಂದಿದ್ರು. ಊರಲ್ಲಿ ಮನೆ ಕಟ್ಟುವಾಗ ಚಪ್ಪಡಿ ಕಲ್ಲು ಒಂದೊಂದನ್ನೂ ತಟ್ಟಿ ನೋಡಿ ಆರಿಸಿದೋರು. ಇಲ್ಲಿ ಬಂದು ಮೊದಲು ಬೆರಳ ಗೆಣ್ಣಲ್ಲಿ ತಟ್ಟಿದ್ರು, ಕಿವಿ ಇಟ್ರು, ಆಮೇಲೆ ಹಿಂದಕ್ಕೆ ಹೋಗಿ ಬೆಣೆ ಗುರುತು ಹುಡುಕಿದ್ರು. "ಇದನ್ನ ಕಡಿದೋನು ಕಲ್ಲಿನ ಮಾತು ಕೇಳ್ಕೊಂಡು ಕಡಿದವ್ನೆ ಕಣಮ್ಮ" ಅಂದ್ರು. ಇದನ್ನ ಕಡಿದಿದ್ದು ಜಪಾನಿನ ದಕ್ಷಿಣದ ಮುರೆ ಅನ್ನೋ ಕಲ್ಲುಕುಟಿಗರ ಊರಲ್ಲಿ, ನೊಗುಚಿ ಜೊತೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಇಜುಮಿ ಮಸಾತೋಶಿ ಅವರ ಕಡೆಯವರು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಮೊಮ್ಮಗಳು "ತಾತ, ಬಾ" ಅಂದ ತಕ್ಷಣ ಪಂಚೆ ಬೇಡ ಅಂತ ಹಾಕ್ಕೊಂಡು ಬಂದಿದ್ದ ಪ್ಯಾಂಟಲ್ಲಿ ಹತ್ತಿ ಜಾರಿಯೇಬಿಟ್ರು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಜುಲೈ ಆಗಸ್ಟ್ ಮಧ್ಯಾಹ್ನ ಕಪ್ಪು ಕಲ್ಲು ಕಾದು ಸುಡುತ್ತೆ, ಚಡ್ಡಿ ಹಾಕಿದ ಮಕ್ಕಳ ತೊಡೆ ಕೆಂಪಾಗುತ್ತೆ, ಬೆಳಿಗ್ಗೆ ಬೇಗ ಹೋಗಿ ಇಲ್ಲಾ ಸಂಜೆ ಹೋಗಿ. ಮಳೆ ಬಂದು ನಿಂತ ಮೇಲೆ ಮೆಟ್ಟಿಲು ಒದ್ದೆ, ನಮ್ಮ ಮಗಳು ನಾಲ್ಕು ವರ್ಷದಲ್ಲಿ ಓಡಿ ಹತ್ತೋಕೆ ಹೋಗಿ ಗಲ್ಲ ಒಡೆದುಕೊಂಡಳು, ಎರಡು ಹೊಲಿಗೆ. ತೀರಾ ಚಿಕ್ಕವರಾದ್ರೆ ಒಬ್ಬರು ಹಿಂದೆ ಒಬ್ಬರು ಮುಂದೆ ಇರಲೇಬೇಕು, ಯಾಕಂದ್ರೆ ಒಳಗೆ ಹತ್ತೋ ಮಗು ಹೊರಗಿನವರಿಗೆ ಕಾಣಲ್ಲ. ಕಾಟನ್ ಪ್ಯಾಂಟು ಅರ್ಧದಲ್ಲಿ ನಿಲ್ಲುತ್ತೆ, ನೈಲಾನ್ ಹಾಕಿಸಿ. ಬೇಸಿಗೆಯಲ್ಲಿ ಬಿಯರ್ ಗಾರ್ಡನ್ ಹಾಕಿದಾಗ ಪಾರ್ಕು ಗಿಜಿಗಿಜಿ ಅನ್ನುತ್ತೆ, ಆಗ ಮಕ್ಕಳ ಜೊತೆ ಸಂಜೆ ಹೋಗೋದು ನಂಗಿಷ್ಟ ಆಗಲ್ಲ. ನಿಶಿ 11 ಚೋಮೆ ಸ್ಟೇಷನ್ನಲ್ಲಿ ಇಳಿದ್ರೆ ನಡೆದೇ ಹೋಗಬಹುದು.

ಇಷ್ಟ ಆದ್ರೆ ಒಂದು ದಿನ ಪೂರ್ತಿ ಇಟ್ಕೊಂಡು ಊರ ಹೊರಗಿನ ಮೊಯೆರೆನುಮಾ ಪಾರ್ಕಿಗೂ ಹೋಗಿ. ಅದು ಮೊದಲು ಕಸ ಸುರಿಯೋ ಜಾಗ ಆಗಿತ್ತು, 1988ರಲ್ಲಿ ನೊಗುಚಿ ಬಂದು ನೋಡಿ ಇದೇ ಬೇಕು ಅಂದು ಇಡೀ ಪಾರ್ಕಿನ ಪ್ಲ್ಯಾನ್ ಹಾಕಿದ್ರು, ಅದೇ ವರ್ಷ ಡಿಸೆಂಬರ್ 30ಕ್ಕೆ ತೀರಿಕೊಂಡ್ರು. ಊರಿನವರು ಬಿಡದೆ 2005ಕ್ಕೆ ಪೂರ್ತಿ ಮಾಡಿದ್ರು. ನ್ಯೂಯಾರ್ಕಿನವರು ನಕ್ಕ ಪ್ಲೇ ಮೌಂಟನ್ ಅಲ್ಲಿ 30 ಮೀಟರ್ ಎತ್ತರಕ್ಕೆ ನಿಂತಿದೆ, ಒಂದು ಕಡೆ ಪೂರ್ತಿ ಕಲ್ಲಿನ ಮೆಟ್ಟಿಲು. ನಮ್ಮ ಮಗನಿಗೆ ಈಗ ಎರಡು ತುಂಬಿದೆ, ಹಿಮ ಕರಗಿದ ಮೇಲೆ ಅಕ್ಕನ ತೊಡೆ ಮೇಲೆ ಕೂತು ಕಪ್ಪು ಬಂಡೆ ಜಾರೋದು ಅವನ ಪಾಳಿ, ಅವಳು ಈಗಾಗ್ಲೇ ನೈಲಾನ್ ಪ್ಯಾಂಟ್ ಎತ್ತಿಟ್ಟಿದ್ದಾಳೆ.