ಗಾಳಿ ಬೋಟು, ತೇಲುವ ಡಾಕ್: ಐದು ಬೇಸಿಗೆ ಕಳೆದ ಮೇಲೆ ಬಟ್ಟೆಯ ಸ್ಥಿತಿ

ಬಳಕೆಯಲ್ಲಿರುವುದು ಮೂರು ಸಾಮಾನು. 3.3 ಮೀಟರಿನ ಪಿವಿಸಿ ಬೋಟು (0.9 ಮಿ.ಮೀ. ದಪ್ಪ, 1100 ಡಿಟೆಕ್ಸ್ ಪಾಲಿಯೆಸ್ಟರ್), 3.8 ಮೀಟರಿನ ಹೈಪಲಾನ್ (ರಬ್ಬರು ಲೇಪದ ಬಟ್ಟೆ) ಬೋಟು, ಮತ್ತು 3 ಮೀಟರ್ ಉದ್ದ, 2 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ಗಾಳಿ ತುಂಬುವ ಡಾಕ್, ಅಂದರೆ ನೀರಿನ ಮೇಲೆ ತೇಲುವ ಕಟ್ಟೆ. ಓಡಾಡಿದ್ದು ಹಾವೇರಿ ಮಗ್ಗಲಿನ ತುಂಗಭದ್ರಾ, ವರದಾ ಹೊಳೆಗಳಲ್ಲಿ ಮತ್ತು ಹುಬ್ಬಳ್ಳಿ, ಗದಗ ಕಡೆಯ ಕೆರೆಗಳಲ್ಲಿ. ಎಲ್ಲ ಸಿಹಿನೀರು, ಉಪ್ಪಿನ ಕಾಟವಿಲ್ಲ. ನೀರಿನಿಂದ ಇವುಗಳಿಗೆ ಏನೂ ಆಗಿಲ್ಲ. ಕೆಟ್ಟದ್ದು ಹೆಚ್ಚಾಗಿ ದಂಡೆಯ ಮೇಲೆ ಬಿಸಿಲಿಗೆ ಬಿದ್ದಾಗ, ಅದರಲ್ಲೂ ಹೆಚ್ಚಿನದು ಅಂಟಿನ ಜಾಯಿಂಟಿನಲ್ಲಿ. ಕೊಳ್ಳಲು ಹೋದವರು ಬಟ್ಟೆ ಎಷ್ಟು ದಪ್ಪ ಎಂದು ಕೇಳುತ್ತಾರೆ. ಜಾಯಿಂಟ್ ಹೇಗೆ ಕೂಡಿಸಿದ್ದಾರೆ ಎಂದು ಮೊದಲು ಕೇಳಬೇಕು.

ಡಿಟೆಕ್ಸ್ ಎಂದರೆ 10,000 ಮೀಟರ್ ನೂಲಿನ ತೂಕ, ಗ್ರಾಂ ಲೆಕ್ಕದಲ್ಲಿ. 1100 ಡಿಟೆಕ್ಸ್ ಹೆಚ್ಚುಕಡಿಮೆ 1000 ಡೆನಿಯರ್‌ಗೆ (ನೂಲಿನ ಇನ್ನೊಂದು ಅಳತೆ) ಸಮ. ಬಲ ಕೊಡುವುದು ಈ ನೂಲು, ಗಾಳಿ ತಡೆಯುವುದು ಮೇಲಿನ ಲೇಪ. ಪಿವಿಸಿ ತಾನಾಗಿ ಗಟ್ಟಿ ವಸ್ತು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಕಾವು ಏರಿದಂತೆ ಅದು ಮೇಲಕ್ಕೆ ಒಸರುತ್ತದೆ. ಮೂರನೆಯ ಬೇಸಿಗೆಯ ಹೊತ್ತಿಗೆ ಪಿವಿಸಿ ಬೋಟಿನ ಗಾಳಿ ತುಂಬುವ ಟ್ಯೂಬಿನ ಮೇಲ್ಮಗ್ಗಲು ಬೆರಳಿಗೆ ಜಿಗುಟು ಹತ್ತತೊಡಗಿತು, ಧೂಳು ಹಿಡಿದು ತೊಳೆದರೂ ಬಿಡದಾಯಿತು. ಆಮೇಲೆ ಜಿಗುಟು ಹೋಗಿ ಬಿರುಸಾಯಿತು. ಅದೇ ಟ್ಯೂಬಿನ ತಳಭಾಗ ಇವತ್ತಿಗೂ ಹೊಸದರಂತೆ ಮೆತ್ತಗಿದೆ. ಒಂದೇ ಬಟ್ಟೆ, ಒಂದೇ ವಯಸ್ಸು, ಬಿಸಿಲೊಂದೇ ವ್ಯತ್ಯಾಸ.

ಹೈಪಲಾನ್ ಎಂದು ಮಾರುವ ಬಟ್ಟೆಯಲ್ಲಿ ಹೊರಗೆ ಸಿಎಸ್‌ಎಂ (ಕ್ಲೋರೋಸಲ್ಫೊನೇಟೆಡ್ ಪಾಲಿಥಿಲೀನ್) ಎಂಬ ಕೃತಕ ರಬ್ಬರು, ಒಳಗೆ ನಿಯೋಪ್ರೀನ್ ಎಂಬ ಇನ್ನೊಂದು ಕೃತಕ ರಬ್ಬರು. ಹೈಪಲಾನ್ ಎಂಬುದು ಡುಪಾಂಟ್ ಕಂಪನಿ ಇಟ್ಟ ಹೆಸರು. ಆ ಕಂಪನಿ 2010ರಲ್ಲಿ ತಯಾರಿಕೆ ನಿಲ್ಲಿಸಿತು, ಈಗ ಬೇರೆಯವರು ಮಾಡಿದ ಸಿಎಸ್‌ಎಂ ಬರುತ್ತದೆ. ಹಾಗಾಗಿ ಹೆಸರು ನೋಡಿ ಹಣ ಕೊಡಬೇಡಿ. ತುಂಡು ಬಟ್ಟೆ ಕೇಳಿ ಪಡೆದು ಉಸುಕಿನ ಕಾಗದದಿಂದ ಉಜ್ಜಿ: ಸಿಎಸ್‌ಎಂ ಒಣ ಪುಡಿ ಬಿಡುತ್ತದೆ. ಒಂದು ಹನಿ ಅಸಿಟೋನ್ ಬಿಟ್ಟರೆ ಪಿವಿಸಿ ಅಂಟಂಟಾಗುತ್ತದೆ. ನಮ್ಮ ಹೈಪಲಾನ್ ಬೋಟಿನ ಬಣ್ಣ ಮಾಸಿದೆ, ಬಟ್ಟೆಗೆ ಬೇರೇನೂ ಆಗಿಲ್ಲ. ಬೆಲೆ ಮಾತ್ರ ಪಿವಿಸಿಗಿಂತ ಬಹಳ ಮೇಲೆ.

ಇನ್ನು ಜಾಯಿಂಟ್. ಪಿವಿಸಿಯನ್ನು ಬಿಸಿಗಾಳಿಯಿಂದ ಕರಗಿಸಿ ಬೆಸೆಯಬಹುದು, ಹಾಗೆ ಬೆಸೆದ ಸೀಮ್‌ನಲ್ಲಿ ಬಿಚ್ಚಿಕೊಳ್ಳಲು ಅಂಟೇ ಇರುವುದಿಲ್ಲ. ಸಿಎಸ್‌ಎಂ ಕರಗುವ ಜಾತಿಯದಲ್ಲ, ಅದನ್ನು ಕೈಯಿಂದ ಅಂಟಿಸಿಯೇ ಕೂಡಿಸಬೇಕು. ಕೂಡಿಸಿದ ದಿನ ಗಾಳಿಯಲ್ಲಿ ತೇವ ಹೆಚ್ಚಿದ್ದರೂ, ಉಜ್ಜಿದ್ದು ಕಡಿಮೆಯಾಗಿದ್ದರೂ ಅದರ ಫಲ ನಾಲ್ಕು ವರ್ಷದ ನಂತರ ಕಾಣುತ್ತದೆ. ಚೆನ್ನಾಗಿ ಬೆಸೆದ ಪಿವಿಸಿ, ಕೆಟ್ಟದಾಗಿ ಅಂಟಿಸಿದ ಹೈಪಲಾನಿಗಿಂತ ಹೆಚ್ಚು ಬಾಳುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೆಸೆದ ಬೋಟಿನಲ್ಲೂ ಇಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಸಾಮಾನ್ಯವಾಗಿ ಅಂಟಿನಿಂದಲೇ ಹಿಡಿಸಿರುತ್ತಾರೆ ಎಂಬುದನ್ನು ಮರೆಯಬೇಡಿ. ನಮ್ಮ ಪಿವಿಸಿ ಬೋಟು ಮೊದಲು ಬಿಟ್ಟದ್ದು ಅಲ್ಲಿಯೇ. ಹಲಗೆಯನ್ನು ಟ್ಯೂಬಿಗೆ ಹಿಡಿಸಿದ ಪಟ್ಟಿಯ ಮೂಲೆ ಉಗುರಿನ ತುದಿ ಹೋಗುವಷ್ಟು ಎದ್ದಿತ್ತು, ಒಳಗೆ ಕಂದು ಬಣ್ಣದ, ಎಳೆದರೆ ನೂಲಿನಂತೆ ಬರುವ ಅಂಟು. ಪ್ಲಾಸ್ಟಿಸೈಜರ್ ಅಂಟಿನೊಳಗೆ ಇಳಿದರೆ ಅದು ಹೀಗೆ ಮೆತ್ತಗಾಗುತ್ತದೆ. ಈ ಹಂತದಲ್ಲೇ ಬಿಚ್ಚಿ ಮತ್ತೆ ಅಂಟಿಸಿದರೆ ಅರ್ಧ ದಿನದ ಕೆಲಸ. ಒಂದು ಹಂಗಾಮು ಬಿಟ್ಟರೆ ಇಡೀ ಹಲಗೆ ಕಳಚಿ ಬರುತ್ತದೆ.

ಒತ್ತಡದ ಲೆಕ್ಕ ಗೊತ್ತಿರಲಿ. ಟ್ಯೂಬಿಗೆ 0.25 ಬಾರ್, ಅಂದರೆ ಸುಮಾರು 3.6 ಪಿಎಸ್‌ಐ. ಬೆಳಿಗ್ಗೆ 25 ಡಿಗ್ರಿಯಲ್ಲಿ ಇಷ್ಟು ತುಂಬಿ ಏಪ್ರಿಲ್ ಮಧ್ಯಾಹ್ನ ದಂಡೆಗೆ ಎಳೆದಿಟ್ಟು, ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ಒತ್ತಡ 0.4 ಬಾರ್ ಹತ್ತಿರ ಹೋಗುತ್ತದೆ, ಒಂದೂವರೆ ಪಟ್ಟಿಗೂ ಮೇಲೆ. ನೀರಿನಲ್ಲಿದ್ದಾಗ ತಳ ತಂಪಾಗಿರುವುದರಿಂದ ಇಷ್ಟು ಏರುವುದಿಲ್ಲ. ದಂಡೆಗೆ ತಂದ ಕೂಡಲೇ ಟ್ಯೂಬಿನ ಪ್ರತಿ ಗಾಳಿ ಕೋಣೆಯಿಂದ ಸ್ವಲ್ಪ ಗಾಳಿ ಬಿಡಿ, ಮೇಲೆ ತಿಳಿ ಬಣ್ಣದ ತಾಡಪತ್ರಿ ಹೊದಿಸಿ. ಕೊಳ್ಳುವಾಗಲೂ ಕಡುಬೂದು, ಕಪ್ಪು ಬೇಡ, ತಿಳಿಬೂದು ತೆಗೆದುಕೊಳ್ಳಿ.

ತುಂಗಭದ್ರೆಯ ಉಸುಕು ಟ್ಯೂಬು ಮತ್ತು ತಳ ಕೂಡುವ ಸಂದಿಯಲ್ಲಿ ಕೂತು ಒಳಗಿಂದ ಅರೆಯುತ್ತದೆ. ಪ್ರತಿ ಸಲ ಪೈಪಿನ ನೀರು ಬಿಟ್ಟು ತೆಗೆಯಿರಿ. ವಾಹನ ತೊಳೆಯುವ ಪ್ರೆಷರ್ ಪಂಪು ಸೀಮ್ ಹತ್ತಿರ ಬೇಡ. ಕೆರೆ ದಂಡೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಎರಡೂ ಬಟ್ಟೆಗಳನ್ನು ಒಂದೇ ತೆರನಾಗಿ ಚುಚ್ಚುತ್ತದೆ. ತೂತು ಹುಡುಕಲು ಸೋಪಿನ ನೀರು ಸಾಕು. ಒಂದೇ ಕಡೆ ದೊಡ್ಡ ಗುಳ್ಳೆ ಬಂದರೆ ಅದು ಮುಳ್ಳು. ಸಾಸಿವೆಗಿಂತ ಸಣ್ಣ ನೊರೆ ನೇಯ್ಗೆಯ ಗೆರೆ ಹಿಡಿದು ಸಾಲಾಗಿ ಬಂದರೆ ಲೇಪ ಸವೆದು ಗಾಳಿ ನೂಲಿನ ಗುಂಟ ಹರಿಯುತ್ತಿದೆ ಎಂದರ್ಥ. ಆಗ ಗುಳ್ಳೆ ಬಂದ ಜಾಗಕ್ಕೆ ತೇಪೆ ಹಾಕಿದರೆ ಪ್ರಯೋಜನವಿಲ್ಲ, ಸವೆದ ಜಾಗ ಹುಡುಕಿ ಅಲ್ಲಿ ಮುಚ್ಚಬೇಕು.

ಪಿವಿಸಿ ತೇಪೆಗೆ ಸೈಕಲ್ ಪಂಕ್ಚರಿನ ಸಲೂಷನ್ ನಡೆಯುವುದಿಲ್ಲ. ಹಾರ್ಡ್‌ನರ್ ಬೆರೆಸುವ ಪಾಲಿಯುರೆಥೇನ್ ಅಂಟೇ ಬೇಕು; 100 ಗ್ರಾಂ ಅಂಟಿಗೆ ಸುಮಾರು 5 ಗ್ರಾಂ ಹಾರ್ಡ್‌ನರ್, ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದರಂತೆ. ತೇಪೆ ತೂತಿನಿಂದ ಎಲ್ಲ ದಿಕ್ಕಿಗೂ 5 ಸೆಂ.ಮೀ. ಹೆಚ್ಚಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಟ್ಯೂಬಿನ ಗಾಳಿ ಪೂರ್ತಿ ತೆಗೆದು, ಎರಡೂ ಮುಖಗಳನ್ನು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ದ್ರಾವಕದಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಕಿಟಕಿ ಬಾಗಿಲು ತೆರೆದಿರಲಿ, ಬೆಂಕಿ ಹತ್ತಿರ ಇರಬಾರದು. ತೆಳುವಾಗಿ ಒಂದು ಕೈ ಬಳಿದು 10–15 ನಿಮಿಷ ಒಣಗಿಸಿ, ಇನ್ನೊಂದು ಕೈ ಬಳಿಯಿರಿ. ಬೆರಳ ಹಿಂಬದಿಗೆ ಜಿಗುಟು ತಾಗಿ ಅಂಟು ಕೈಗೆ ಬರದ ಹೊತ್ತಿಗೆ ಕೂಡಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಕೊಡುತ್ತ ನಡುವಿನಿಂದ ಅಂಚಿಗೆ ರೋಲರ್ ಒತ್ತಿ. 24 ಗಂಟೆ ಗಾಳಿ ತುಂಬಬೇಡಿ, ಪೂರ್ತಿ ಒತ್ತಡಕ್ಕೆ ಮೂರು ದಿನ ಕಾಯಿರಿ. ಜಿಟಿಜಿಟಿ ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಗಾಳಿಯ ತೇವ ಅಂಟಿನ ಮೇಲೆ ಕೂತರೆ ತೇಪೆ ನೋಡಲು ಸರಿಯಿದ್ದು ಆಮೇಲೆ ಸಿಪ್ಪೆಯಂತೆ ಏಳುತ್ತದೆ. ಹೈಪಲಾನಿಗೆ ಕ್ರಮ ಇದೇ, ಆದರೆ ಅಂಟು ಎರಡು ಭಾಗದ ನಿಯೋಪ್ರೀನ್, ಒರೆಸಲು ಟಾಲ್ವೀನ್ ದ್ರಾವಕ, ಮತ್ತು ಮೊದಲು ಹೊಳಪು ಹೋಗುವಷ್ಟು ಉಜ್ಜಬೇಕು.

ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿ ಹೊಳಪು ತರುವ ಆಸೆ ಬೇಡ. ಅದರಲ್ಲಿ ಸಿಲಿಕೋನ್ ಇದ್ದರೆ ಮುಂದೆ ಯಾವ ತೇಪೆಯೂ ಅಲ್ಲಿ ಹಿಡಿಯುವುದಿಲ್ಲ.

ಡಾಕಿನ ಕಟ್ಟು ಬೇರೆ. ಮೇಲಿನ, ಕೆಳಗಿನ ಎರಡು ಪದರಗಳನ್ನು ಸಾವಿರಾರು ನೂಲುಗಳು ಒಳಗೆ ಹಿಡಿದಿರುತ್ತವೆ. ಡ್ರಾಪ್‌ಸ್ಟಿಚ್ ಎನ್ನುವುದು ಇದನ್ನೇ. ನಮ್ಮದಕ್ಕೆ 8 ಪಿಎಸ್‌ಐ ತುಂಬುತ್ತೇವೆ, ನಿಂತರೆ ಹಲಗೆಯಂತೆ ಗಟ್ಟಿ. ಪೂರ್ತಿ ಮುಳುಗಿದರೆ 900 ಕೆ.ಜಿ. ಎತ್ತುತ್ತದೆ, ಆದರೆ ಜನ ಒಂದೇ ಅಂಚಿಗೆ ನಿಲ್ಲುವುದರಿಂದ 300 ಕೆ.ಜಿ. ದಾಟಿಸಬೇಡಿ. ಬಿಸಿಲಿಗೆ ಒತ್ತಡ ಏರಿ ಒಳನೂಲು ಕಿತ್ತರೆ ಆ ಜಾಗ ಪೂರಿಯಂತೆ ಉಬ್ಬುತ್ತದೆ, ಅದಕ್ಕೆ ರಿಪೇರಿ ಇಲ್ಲ. ನಮ್ಮ ಕೆರೆಗಳಿಗೆ ಇನ್ನೊಂದು ತೊಂದರೆ ಇದೆ. ಮಾರ್ಚ್ ಬಂದರೆ ನೀರು ಇಳಿಯುತ್ತದೆ, ಹಗ್ಗ ಬಿಗಿಯಾಗಿ ಕಟ್ಟಿದ್ದರೆ ಡಾಕ್ ಅರ್ಧ ಕಲ್ಲಿನ ಮೇಲೆ, ಅರ್ಧ ನೀರಿನಲ್ಲಿ ನಿಂತು ಅಲೆಗೆ ಉಜ್ಜುತ್ತದೆ. ನಮ್ಮದರಲ್ಲಿ ಸವೆದದ್ದು ಕಲ್ಲಿನ ಕಡೆಯ ಕೆಳ ಅಂಚು ಮತ್ತು ಹಗ್ಗ ಕಟ್ಟುವ ಡಿ-ರಿಂಗಿನ ಬುಡ, ಎರಡೇ. ಹದಿನೈದು ದಿನಕ್ಕೊಮ್ಮೆ ಹಗ್ಗ ಸಡಿಲಿಸಿ ಡಾಕನ್ನು ಆಳಕ್ಕೆ ಸರಿಸಿ.

ಮಡಚಿ ಇಡುವ ಮೊದಲು ಪೂರ್ತಿ ಒಣಗಿಸಿ, ಟಾಲ್ಕಂ ಪುಡಿ ಸವರಿ, ಪ್ರತಿ ಸಲ ಮಡಿಕೆಯ ಗೆರೆ ಬದಲಿಸಿ. ಗೋದಾಮಿನಲ್ಲಿ ಕಾಳಿನ ಚೀಲಗಳ ಪಕ್ಕ ಇಟ್ಟರೆ ಇಲಿ ಬಿಡುವುದಿಲ್ಲ, ತೊಲೆಗೆ ತೂಗುಹಾಕಿ.

2019ರ ಆಗಸ್ಟಿನಲ್ಲಿ ಮಲಪ್ರಭಾ ಹೊಳೆಆಲೂರು, ಕೊಣ್ಣೂರು ಭಾಗಕ್ಕೆ ನುಗ್ಗಿದಂಥ ದಿನಕ್ಕೆಂದು ಬೋಟು ಇಟ್ಟುಕೊಂಡ ಪಂಚಾಯಿತಿಗಳು, ಸಂಘಗಳು ಒಂದು ಪರೀಕ್ಷೆ ತಪ್ಪಿಸಬಾರದು. ತುಂಗಭದ್ರೆಯ ಹರಗೋಲಿಗೆ ಡಾಂಬರು ಬಳಿದು ನೋಡಿಕೊಳ್ಳುವಂತೆ ಇದಕ್ಕೂ ವರ್ಷಕ್ಕೊಂದು ದಿನ ಬೇಕು. ಮೇ ಕೊನೆಯ ವಾರ ನೆರಳಿನಲ್ಲಿ ಬೆಳಿಗ್ಗೆ 6ಕ್ಕೆ 0.25 ಬಾರ್ ತುಂಬಿ, ಮರುದಿನ ಅದೇ ಹೊತ್ತಿಗೆ ಗೇಜು ಹಿಡಿಯಿರಿ. ಮಧ್ಯಾಹ್ನ ಅಳೆದರೆ ಕಾವಿನಿಂದ ಏರಿದ ಒತ್ತಡ ಸೋರಿಕೆಯನ್ನು ಮರೆಮಾಡುತ್ತದೆ. 0.20ಕ್ಕಿಂತ ಕೆಳಗೆ ಇಳಿದಿದ್ದರೆ ಮೊದಲು ವಾಲ್ವಿಗೆ ಸೋಪಿನ ನೀರು ಹಾಕಿ, ಆಮೇಲೆ ಹಿಂಬದಿಯ ಹಲಗೆಗೆ, ಕೊನೆಗೆ ಬಟ್ಟೆಗೆ.